ದೆಮೋದರದ ಒಂಬತ್ತು ಕಮಾನುಗಳು

ಸಿಂಹಳದ್ವೀಪದ ಊವ ಪ್ರಾಂತದಲ್ಲಿ, ದೆಮೋದರದ ಸಮೀಪ, ಚಹದ ತೋಟಗಳು ಇಕ್ಕೆಲಗಳಲ್ಲಿಯೂ ಹಬ್ಬಿರುವ ಕಣಿವೆಯೊಂದನ್ನು ಸುಮಾರು 24 ಮೀಟರು ಎತ್ತರದಲ್ಲಿ ದಾಟುವ 91 ಮೀಟರು ಉದ್ದದ ರೈಲುಸೇತುವೆಯು, ತನ್ನ ಒಂಬತ್ತು ಕಮಾನುಗಳಿಂದಲೇ ಲೋಕವಿಖ್ಯಾತವಾಗಿದೆ.

ಈ ದ್ವೀಪದ ಮಲೆನಾಡಿಗೆ ರೈಲನ್ನು ಕರೆತಂದುದು ಚಹವಲ್ಲ, ಕಾಫಿ. ಬ್ರಿಟಿಷ್ ತೋಟಗಾರರ ಕಾಫಿಯನ್ನು ಕೊಲಂಬೊ ಬಂದರಿಗೆ ಇಳಿಸುವ ಸಲುವಾಗಿ 1860ರ ದಶಕದಲ್ಲಿ ಹಳಿಗಳನ್ನು ಹಾಸತೊಡಗಿದರು; ಆದರೆ 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗವು ಸುಮಾರು ಎರಡು ದಶಕಗಳಲ್ಲಿ ಆ ಬೆಳೆಯನ್ನು ನಿರ್ನಾಮಗೊಳಿಸಲು, ಜೇಮ್ಸ್ ಟೇಲರನು 1867ರಲ್ಲಿ ಲೂಲಕಂದುರದಲ್ಲಿ ನೆಟ್ಟಿದ್ದ ಚಹವು ಕಾಫಿಯ ನೆಲವನ್ನೂ ಅದರ ರೈಲನ್ನೂ ಒಟ್ಟಿಗೆ ಆಕ್ರಮಿಸಿತು. 1894ರಲ್ಲಿ ಬಂಡಾರವೇಲವನ್ನು ಮುಟ್ಟಿದ ಹಳಿಯು ಬದುಳ್ಳವನ್ನು ಸೇರಿದುದು 1924ರಲ್ಲಿ. ನಡುವಣ ಈ ದುರ್ಗಮ ಭಾಗದಲ್ಲಿಯೇ ನಮ್ಮ ಸೇತುವೆ, 1921ರದು.

ಮಹಾಯುದ್ಧವು ಉಕ್ಕನ್ನೆಲ್ಲ ನುಂಗಿಬಿಟ್ಟುದರಿಂದ, ಅಪ್ಪುಹಾಮಿಯೆಂಬ ಗ್ರಾಮಸ್ಥನು ಕಲ್ಲು, ಇಟ್ಟಿಗೆ, ಸಿಮೆಂಟುಗಳಿಂದಲೇ ಇದನ್ನು ಕಟ್ಟಿಸಿದನೆಂಬುದು ಆ ಸೀಮೆಯ ಐತಿಹ್ಯ. ಕಥೆ ರಮ್ಯವಾದುದೇ, ಆದರೆ ಉಕ್ಕಿನ ಅಭಾವವನ್ನು ಕಲ್ಪಿಸದೆಯೂ ಈ ಸೇತುವೆಯನ್ನು ಅರ್ಥಮಾಡಿಕೊಳ್ಳಬಹುದು. ಇಟ್ಟಿಗೆಯಾಗಲಿ, ಕಲ್ಲಾಗಲಿ, ಕಾಂಕ್ರೀಟಾಗಲಿ ಒತ್ತಡವನ್ನು ಧಾರಾಳವಾಗಿ ಸಹಿಸುತ್ತದೆ, ಎಳೆತಕ್ಕೆ ಮಾತ್ರ ಬಿರಿಯುತ್ತದೆ. ಕಮಾನಾದರೋ, ಮೇಲಿನ ಭಾರದಿಂದ ಕೆಳಕ್ಕೆ ಜಾರಲೆಳಸುವ ಪ್ರತಿಯೊಂದು ಖಂಡವೂ ನೆರೆಯದನ್ನು ಅಮುಕುವಂತೆ ಬಾಗಿರುವುದರಿಂದ, ಆ ಭಾರವನ್ನೆಲ್ಲ ಒತ್ತಡವನ್ನಾಗಿಸಿ ಕಂಬಗಳ ಮೂಲಕ ನೆಲಕ್ಕಿಳಿಸಿಬಿಡುತ್ತದೆ. ಒಂದು ಕಮಾನು ಕಂಬವನ್ನು ಪಕ್ಕಕ್ಕೆ ನೂಕಿದರೆ ಎದುರಿನ ಕಮಾನು ಅಷ್ಟೇ ಬಲದಿಂದ ಮರಳಿ ನೂಕುತ್ತದೆಯಾಗಿ, ನಡುವಣ ಕಂಬಗಳು ಸ್ಥೂಲವಾಗಿರಬೇಕಾದ ಅಗತ್ಯವೂ ಇಲ್ಲ. ರೋಮನರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತಿತ್ತು. ದೆಮೋದರದಲ್ಲಿ ಕಷ್ಟವಿದ್ದುದು ಹಳಿಯು ಕಣಿವೆಯ ಮೇಲೆಯೇ ತಿರುವು ತೆಗೆದುಕೊಳ್ಳುವುದರಲ್ಲಿ; ಒಂಬತ್ತು ಕಮಾನುಗಳನ್ನೂ ಆ ಬಾಗನ್ನನುಸರಿಸಿ ಜೋಡಿಸಿದ್ದಾರೆ.

ಇಟ್ಟಿಗೆಯ ಮಾತನ್ನೂ ತುಸು ಪರಾಂಬರಿಸಬೇಕು. ಹೆರಾಲ್ಡ್ ಮಾರ್ವುಡ್ ಎಂಬ ಎಂಜಿನಿಯರು 1923ರಲ್ಲಿ ಪ್ರಕಟಿಸಿದ ನಿರ್ಮಾಣವರದಿಯು ಇದನ್ನು ಕಾಂಕ್ರೀಟಿನ ಸೇತುವೆಯೆಂದೇ ಕರೆಯುತ್ತದೆ. ಐತಿಹ್ಯಕ್ಕೂ ಕಾಗದಕ್ಕೂ ವಿರೋಧ ಬಂದೆಡೆಯಲ್ಲಿ ನಾನು ಕಾಗದವನ್ನೇ ನಂಬುವವನು.

ಸೇತುವೆಯ ಮೇಲೆ ರೈಲು ಇಂದಿಗೂ ಓಡುತ್ತಿದೆ. ನೋಡಲು ಹೋಗುವವರು ಚಿತ್ರದ ಆಸೆಯಿಂದ ಹಳಿಯ ಮೇಲೆ ನಿಲ್ಲದೆ, ಪಕ್ಕದ ಇಳಿಜಾರಿನಿಂದಲೇ ನೋಡಲಿ; ಒಂಬತ್ತು ಕಮಾನುಗಳೂ ಒಟ್ಟಿಗೆ ಕಾಣುವುದು ಅಲ್ಲಿಂದಲೇ.