ಜಾರ್ಜ್ ಫರ್ನಾಂಡಿಸರ ಎರಡು ನಿಲುವುಗಳು: ಸಣ್ಣ ಉದ್ಯಮಿಗೆ ಅದರಲ್ಲಿರುವ ಪಾಠ

ಚುನಾವಣೆಗಳು ಸಮೀಪಿಸಿದಾಗಲೆಲ್ಲ ನಮ್ಮ ಸದಸ್ಯ ಮಿತ್ರರಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: "ಈ ಅಭ್ಯರ್ಥಿ ವ್ಯಾಪಾರಸ್ಥರ ಪರವೋ, ಕಾರ್ಮಿಕರ ಪರವೋ?" ಪ್ರಶ್ನೆ ಸಹಜವಾದುದು. ಆದರೆ ಉತ್ತರ ಅಷ್ಟು ಸರಳವಲ್ಲ ಎಂಬುದಕ್ಕೆ ನಮ್ಮ ನಾಡಿನವರೇ ಆದ ಜಾರ್ಜ್ ಫರ್ನಾಂಡಿಸರ ಸಾರ್ವಜನಿಕ ಜೀವನಕ್ಕಿಂತ ಉತ್ತಮ ನಿದರ್ಶನ ದೊರೆಯಲಾರದು. 1930ರಲ್ಲಿ ಮಂಗಳೂರಿನಲ್ಲಿ ಜನಿಸಿ, 2019ರ ಜನವರಿ 29ರಂದು ನಿಧನರಾದ ಅವರು ಕಾರ್ಮಿಕ ನಾಯಕರಾಗಿಯೂ ಕೇಂದ್ರ ಸಚಿವರಾಗಿಯೂ ತಳೆದ ನಿಲುವುಗಳು ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿವೆ. ಅವುಗಳನ್ನು ರಾಜಕೀಯ ಒಲವಿನಿಂದಲ್ಲದೆ ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮುಷ್ಕರದ ನಾಯಕ, ಬ್ಯಾಂಕಿನ ಸ್ಥಾಪಕ

ಹದಿಹರೆಯದಲ್ಲಿ ಪಾದ್ರಿ ಶಿಕ್ಷಣಕ್ಕೆಂದು ಬೆಂಗಳೂರಿನ ಸೆಮಿನರಿಗೆ ಬಂದಿದ್ದ ಫರ್ನಾಂಡಿಸರು ಅದನ್ನು ತೊರೆದು ಮುಂಬಯಿಗೆ ತೆರಳಿ ಬಂದರು ಕಾರ್ಮಿಕರ ಸಂಘಟನೆಯಲ್ಲಿ ತೊಡಗಿದರು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ಪ್ರಬಲ ನಾಯಕ ಎಸ್.ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಆಯ್ಕೆಯಾದರು. ಅಖಿಲ ಭಾರತ ರೈಲ್ವೆ ನೌಕರರ ಫೆಡರೇಷನ್ನಿನ ಅಧ್ಯಕ್ಷರಾಗಿ ಅವರು 1974ರ ಮೇ 8ರಿಂದ ನಡೆಸಿದ ರೈಲ್ವೆ ಮುಷ್ಕರ ಮೇ 27ರವರೆಗೆ ಮುಂದುವರಿಯಿತು. ಕಚ್ಚಾ ಸಾಮಗ್ರಿಗೂ ಸಿದ್ಧ ಸರಕಿಗೂ ರೈಲನ್ನೇ ನಂಬಿದ್ದ ಕಾಲದಲ್ಲಿ ಇಪ್ಪತ್ತು ದಿನಗಳ ಮುಷ್ಕರವೆಂದರೆ ವರ್ತಕನ ಬಂಡವಾಳಕ್ಕೆ ಏನರ್ಥವೆಂಬುದನ್ನು ಓದುಗರಿಗೆ ವಿವರಿಸಬೇಕಿಲ್ಲ.

ಆದರೆ ಇದೇ ನಾಯಕರು 1968ರಲ್ಲಿ ಮುಂಬಯಿಯ ಕಾರ್ಮಿಕರಿಗಾಗಿ ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕನ್ನು ಸ್ಥಾಪಿಸಿದ್ದರು. ಬಡ್ಡಿ, ಠೇವಣಿ, ವಸೂಲಿ ಇವು ಅವರಿಗೆ ಅಪರಿಚಿತ ವಿಷಯಗಳಾಗಿರಲಿಲ್ಲ. ಆ ಬ್ಯಾಂಕು ಮುಂದೆ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕ್ ಎಂಬ ಹೆಸರು ಪಡೆದು, 2025ರ ಆಗಸ್ಟ್‌ನಲ್ಲಿ ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಯಿತು.

ಸಚಿವರ ಸಹಿ

1977ರಲ್ಲಿ ಸೆರೆಮನೆಯಿಂದಲೇ ಬಿಹಾರದ ಮುಜಫ್ಫರ್‌ಪುರದಲ್ಲಿ ಗೆದ್ದ ಫರ್ನಾಂಡಿಸರು ಜನತಾ ಸರ್ಕಾರದಲ್ಲಿ ಕೈಗಾರಿಕಾ ಸಚಿವರಾದರು. ಆ ಅವಧಿಯಲ್ಲಿ ಕೋಕಾ-ಕೋಲಾ ಮತ್ತು ಐಬಿಎಂ ಕಂಪನಿಗಳು ದೇಶ ತೊರೆದುದು ಎಲ್ಲರಿಗೂ ತಿಳಿದ ಸಂಗತಿ. ವಿದೇಶಿ ಪಾಲು ಬಂಡವಾಳವನ್ನು ಸಾಮಾನ್ಯವಾಗಿ ಶೇಕಡಾ 40ಕ್ಕೆ ಮಿತಗೊಳಿಸಿದ ಫೆರಾ ಕಾಯ್ದೆ 1973ರದು, ಅಂದರೆ ಇಂದಿರಾ ಗಾಂಧಿಯವರ ಸರ್ಕಾರದ್ದು. ಫರ್ನಾಂಡಿಸರು ಮಾಡಿದ್ದು ಅದರ ಜಾರಿಗೆ ಪಟ್ಟು ಹಿಡಿದುದು. 1993ರಲ್ಲಿ ಕೋಕಾ-ಕೋಲಾ ಮರಳಿ ಬಂದು, ಅದರ ಅನುಪಸ್ಥಿತಿಯಲ್ಲಿ ಬೆಳೆದಿದ್ದ ಥಮ್ಸ್ ಅಪ್ ಬ್ರಾಂಡನ್ನೇ ಪಾರ್ಲೆಯಿಂದ ಕೊಂಡುಕೊಂಡಿತು. ಕಾನೂನಿನ ಆಸರೆ ನಿರ್ಮಿಸಿದ ಮಾರುಕಟ್ಟೆ ಹದಿನಾರು ವರ್ಷ ಬಾಳಿತು.

ನಮ್ಮ ವರ್ಗದವರಿಗೆ ಇದಕ್ಕಿಂತ ಮಹತ್ವದ್ದು 1977ರ ಡಿಸೆಂಬರ್ 23ರ ಕೈಗಾರಿಕಾ ನೀತಿ ಹೇಳಿಕೆ. ಸಣ್ಣ ಕೈಗಾರಿಕೆಗಳಿಗೆ ಮೀಸಲಾದ ವಸ್ತುಗಳ ಸಂಖ್ಯೆ ಸುಮಾರು 180ರಿಂದ 500ಕ್ಕೂ ಮೇಲಕ್ಕೇರಿತು. ಯಂತ್ರೋಪಕರಣಗಳ ಮೇಲಿನ ಹೂಡಿಕೆ 1 ಲಕ್ಷ ರೂಪಾಯಿಗೆ ಮೀರದ, 50,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿನ ಘಟಕಗಳನ್ನು 'ಅತಿ ಸಣ್ಣ ವಲಯ'ವೆಂದು ಗುರುತಿಸಲಾಯಿತು. ಪರವಾನಗಿ, ಸಾಲ, ಕಚ್ಚಾ ಸಾಮಗ್ರಿ ಎಲ್ಲವೂ ಒಂದೇ ಕಡೆ ದೊರೆಯಲೆಂದು 1978ರಿಂದ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಆರಂಭವಾದವು. ನಮ್ಮಲ್ಲಿ ಅನೇಕರು ಮೊದಲ ನೋಂದಣಿ ಪತ್ರ ಪಡೆದದ್ದು ಇಂತಹ ಕೇಂದ್ರಗಳಿಂದಲೇ. ದೇಶದ ಅತಿ ದೊಡ್ಡ ಮುಷ್ಕರದ ನಾಯಕನೇ ಸಣ್ಣ ಮಾಲೀಕನಿಗೆ ಇಷ್ಟು ನೆರವಾದುದು ಹೇಗೆ?

ಹೀಗೆ ಓದಿದರೆ ಒಗಟು ಬಿಡಿಸಬಹುದು. ಅವರ ವಿರೋಧ ವ್ಯಾಪಾರಕ್ಕಲ್ಲ, ಗಾತ್ರಕ್ಕೆ. ಬೃಹತ್ ಬಂಡವಾಳದ ಎದುರು ಕೂಲಿಯವನೂ ಸಣ್ಣ ಮಾಲೀಕನೂ ಒಂದೇ ಸಾಲಿನವರೆಂಬುದು ಲೋಹಿಯಾ ಪರಂಪರೆಯ ಸಮಾಜವಾದಿಗಳ ನಂಬಿಕೆಯಾಗಿತ್ತು. ಆದರೆ ಈ ವಿವರಣೆ ಒಂದು ಬಿರುಕನ್ನು ಮುಚ್ಚಲಾರದು. 1948ರ ಫ್ಯಾಕ್ಟರಿ ಕಾಯ್ದೆ ವಿದ್ಯುತ್ ಬಳಸುವ ಘಟಕಗಳಲ್ಲಿ 10, ಬಳಸದವುಗಳಲ್ಲಿ 20 ಕಾರ್ಮಿಕರಿದ್ದರೆ ಮಾತ್ರ ಅನ್ವಯವಾಗುತ್ತಿತ್ತು. ಘಟಕ ಚಿಕ್ಕದಾದಷ್ಟೂ ಕಾನೂನಿನ ರಕ್ಷಣೆ ಕಡಿಮೆ, ಸಂಘ ಕಟ್ಟುವ ಅವಕಾಶವೂ ಕಡಿಮೆ. ಸಂಘಟಿತ ಕಾರ್ಮಿಕರ ನಾಯಕರು ಪ್ರೋತ್ಸಾಹಿಸಿದ್ದು ಸಂಘಟನೆಗೆ ಎಡೆಯೇ ಇಲ್ಲದ ವಲಯವನ್ನು.

ಬೆಂಗಳೂರು ಉತ್ತರದ ತೀರ್ಪು

1979ರ ಜುಲೈನಲ್ಲಿ ಲೋಕಸಭೆಯಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರವನ್ನು ಸಮರ್ಥಿಸಿ ಆವೇಶದಿಂದ ಮಾತನಾಡಿದ ಫರ್ನಾಂಡಿಸರು ಕೆಲವೇ ದಿನಗಳಲ್ಲಿ ರಾಜೀನಾಮೆ ನೀಡಿ ಚರಣ್ ಸಿಂಗರ ಪಾಳಯ ಸೇರಿದರು. ಮಾತಿನ ಮೇಲೆ ಮಾತ್ರ ಭರವಸೆಯಿಡುವವರಿಗೆ ಇದು ಎಚ್ಚರಿಕೆ.

1984ರ ಡಿಸೆಂಬರ್‌ನಲ್ಲಿ ಅವರು ಜನತಾ ಪಕ್ಷದಿಂದ ನಮ್ಮ ಬೆಂಗಳೂರು ಉತ್ತರ ಕ್ಷೇತ್ರದಲ್ಲಿಯೇ ಸ್ಪರ್ಧಿಸಿದರು. ಎದುರಾಳಿ ಸಿ.ಕೆ. ಜಾಫರ್ ಷರೀಫ್, 1980ರ ದಶಕದ ಆರಂಭದಲ್ಲಿ ರೈಲ್ವೆ ರಾಜ್ಯ ಸಚಿವರಾಗಿದ್ದವರು. ಒಬ್ಬರು ರೈಲು ನಿಲ್ಲಿಸಿದವರು, ಇನ್ನೊಬ್ಬರು ರೈಲ್ವೆಯ ಆಡಳಿತ ನಡೆಸಿದವರು. ನಗರದ ಉತ್ತರ ಭಾಗವೋ ಕಾರ್ಮಿಕರ ನೆಲೆ: ಜಾಲಹಳ್ಳಿಯಲ್ಲಿ ಬಿಇಎಲ್ ಮತ್ತು ಎಚ್‌ಎಂಟಿ, ಸಮೀಪದಲ್ಲಿ ಪೀಣ್ಯ. ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ನೌಕರರು 1980ರ ಡಿಸೆಂಬರ್ ಕೊನೆಯಿಂದ 77 ದಿನ ನಡೆಸಿದ ಮುಷ್ಕರದ ನೆನಪೂ ಆಗ ಹಸಿಯಾಗಿತ್ತು. ಆದರೂ ಫರ್ನಾಂಡಿಸರು ಸೋತರು. ಇಂದಿರಾ ಗಾಂಧಿಯವರ ಹತ್ಯೆಯ ನಂತರದ ಅಲೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿನ ಪಾಲಾದವು. ಅದೇ ವರ್ಷ ಯಲಹಂಕದಲ್ಲಿ ರೈಲ್ವೆಯ ಗಾಲಿ ಮತ್ತು ಅಚ್ಚು ಕಾರ್ಖಾನೆ ಉದ್ಘಾಟನೆಗೊಂಡಿತ್ತು ಎಂಬುದನ್ನೂ ಗಮನಿಸಬೇಕು. ಆಗ ಶಾಲಾ ವಿದ್ಯಾರ್ಥಿಯಾಗಿದ್ದ ನನಗೆ, ಹಿರಿಯರು ಭಾಷಣಗಳಿಗಿಂತ ಆ ಕಾರ್ಖಾನೆಯ ಕೆಲಸಗಳ ಬಗ್ಗೆಯೇ ಹೆಚ್ಚು ಮಾತನಾಡುತ್ತಿದ್ದುದು ನೆನಪಿದೆ.

ಮತ್ತೆ ಅಧಿಕಾರ, ಮತ್ತೆ ದ್ವಂದ್ವ

1989ರ ಡಿಸೆಂಬರ್‌ನಲ್ಲಿ ಫರ್ನಾಂಡಿಸರು ರೈಲ್ವೆ ಸಚಿವರಾದರು. 1990ರಲ್ಲಿ ಸ್ಥಾಪನೆಯಾದ ಕೊಂಕಣ ರೈಲ್ವೆ ನಿಗಮ ಅವರ ಅವಧಿಯ ಕೊಡುಗೆ. ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗಿನ ಸುಮಾರು 740 ಕಿ.ಮೀ. ಮಾರ್ಗಕ್ಕೆ ಇಲಾಖೆಯ ಆಯವ್ಯಯವನ್ನಷ್ಟೇ ನೆಚ್ಚಲಿಲ್ಲ. ರೈಲ್ವೆ ಶೇಕಡಾ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6ರಂತೆ ಪಾಲು ಹಾಕಿ, ಉಳಿದುದಕ್ಕೆ ಬಾಂಡುಗಳ ಮೂಲಕ ಮಾರುಕಟ್ಟೆಯಿಂದ ಹಣ ಎತ್ತಲಾಯಿತು. 1998ರ ಜನವರಿಯಲ್ಲಿ ಮಾರ್ಗ ಪೂರ್ಣಗೊಂಡಿತು.

1993ರಲ್ಲಿ ಗುಜರಾತಿನ ಕಚ್ಛ್‌ನಲ್ಲಿ ಕಾರ್ಗಿಲ್ ಕಂಪನಿಯ ಉಪ್ಪಿನ ಯೋಜನೆಯ ವಿರುದ್ಧ ಸತ್ಯಾಗ್ರಹಕ್ಕಿಳಿದ ಅವರೇ, 1998ರಿಂದ ಉದಾರೀಕರಣವನ್ನು ಮುಂದುವರಿಸಿದ ವಾಜಪೇಯಿ ಸರ್ಕಾರದಲ್ಲಿ ರಕ್ಷಣಾ ಸಚಿವರಾಗಿದ್ದರು. 2001ರ ಮೇ ತಿಂಗಳಲ್ಲಿ ರಕ್ಷಣಾ ಉತ್ಪಾದನೆ ಖಾಸಗಿಯವರಿಗೆ ತೆರೆದುಕೊಂಡು, ಶೇಕಡಾ 26ರವರೆಗೆ ವಿದೇಶಿ ಬಂಡವಾಳಕ್ಕೆ ಅನುಮತಿ ದೊರೆಯಿತು. ಆ ವೇಳೆಗೆ ಅವರು ರಾಜೀನಾಮೆ ನೀಡಿ ಖಾತೆಯಿಂದ ಹೊರಗಿದ್ದರು. ಆದರೆ ಅದೇ ಅಕ್ಟೋಬರ್‌ನಲ್ಲಿ ಮರಳಿದ ಮೇಲೂ ನಿರ್ಧಾರ ಬದಲಾಗಲಿಲ್ಲ. ಇತ್ತ 2002ರಲ್ಲಿ ಎಚ್‌ಪಿಸಿಎಲ್, ಬಿಪಿಸಿಎಲ್ ತೈಲ ಕಂಪನಿಗಳ ಖಾಸಗೀಕರಣವನ್ನು ಸಂಪುಟದೊಳಗಿದ್ದೇ ವಿರೋಧಿಸಿದರು. 2003ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ, ಸಂಸತ್ತಿನ ಒಪ್ಪಿಗೆಯಿಲ್ಲದೆ ಆ ಮಾರಾಟ ಸಲ್ಲದೆಂದು ತೀರ್ಪಿತ್ತಿತು.

ನಾವು ತೆತ್ತ ಬೆಲೆ

ಮೀಸಲು ಪಟ್ಟಿಯ ಇನ್ನೊಂದು ಮುಖವನ್ನು ನನ್ನ ವೃತ್ತಿಯಲ್ಲಿ ಕಂಡಿದ್ದೇನೆ. 1990ರ ದಶಕದಲ್ಲಿ ಪೀಣ್ಯದ ಕಕ್ಷಿದಾರರೊಬ್ಬರ ಘಟಕ ಹೂಡಿಕೆಯ ಮಿತಿಯ ಅಂಚಿಗೆ ಬಂದಿತ್ತು. ಹೊಸ ಯಂತ್ರ ಕೊಂಡರೆ ಸಣ್ಣ ಕೈಗಾರಿಕೆಯ ಸ್ಥಾನ ಹೋಗುತ್ತಿತ್ತು. ಪತ್ನಿಯ ಹೆಸರಿನಲ್ಲೊಂದು, ತಮ್ಮನ ಹೆಸರಿನಲ್ಲೊಂದು ಸಂಸ್ಥೆ ತೆರೆಯಲಾಯಿತು. ಕಾಗದಪತ್ರ ಸಿದ್ಧಪಡಿಸಿದವನು ನಾನೇ. ಅಂದಿನ ಲೆಕ್ಕದಲ್ಲಿ ಅದು ಸರಿಯಾದ ಸಲಹೆ. ಮುಂದೆ ಅವರ ವಸ್ತು ಪಟ್ಟಿಯಿಂದ ಹೊರಬಿದ್ದು ದೊಡ್ಡ ಕಂಪನಿಗಳು ಕಣಕ್ಕಿಳಿದಾಗ, ವಿಸ್ತರಣೆಗೆ ಸಾಲ ಪಡೆಯುವಷ್ಟು ಬಲವಾದ ಆಸ್ತಿ-ಹೊಣೆ ಪಟ್ಟಿ ಮೂರರಲ್ಲಿ ಒಂದಕ್ಕೂ ಇರಲಿಲ್ಲ. ಮೂರೂ ಮುಚ್ಚಿದವು. ಹಳೆಯ ಕೆಲಸಗಾರರ ಸೇವಾವಧಿ ಮೂರು ಹೆಸರುಗಳಲ್ಲಿ ಹಂಚಿಹೋಗಿದ್ದುದರಿಂದ ಗ್ರಾಚ್ಯುಟಿಯ ಲೆಕ್ಕವೂ ತೊಡಕಾಯಿತು. ಆಸರೆ ಶಾಶ್ವತವೆಂದು ಭಾವಿಸಿದ ತಪ್ಪಿನಲ್ಲಿ ಸಲಹೆಗಾರನಾದ ನನ್ನ ಪಾಲೂ ಇತ್ತು. ಪಟ್ಟಿಯ ಕೊನೆಯ 20 ವಸ್ತುಗಳ ಮೀಸಲು 2015ರ ಏಪ್ರಿಲ್‌ನಲ್ಲಿ ರದ್ದಾಯಿತು.

ಸದಸ್ಯರ ಗಮನಕ್ಕೆ

ಮೊದಲನೆಯದಾಗಿ, ನಾಯಕರ ಭಾಷಣವನ್ನಲ್ಲ, ಅವರು ಸಹಿ ಹಾಕಿದ ಅಧಿಸೂಚನೆಯನ್ನು ಓದಬೇಕು. ಕುಳಿತ ಕುರ್ಚಿಗೆ ತಕ್ಕಂತೆ ನಿಲುವು ಬದಲಾಗುವುದು ಒಬ್ಬ ಫರ್ನಾಂಡಿಸರಿಗೆ ಸೀಮಿತವಲ್ಲ.

ಎರಡನೆಯದಾಗಿ, ರಿಯಾಯಿತಿಯನ್ನು ಲಾಭವೆಂದು ಎಣಿಸದೆ ಕಾಲಾವಕಾಶವೆಂದು ಎಣಿಸಿ, ಅದು ಇಲ್ಲವಾದ ದಿನದ ಲೆಕ್ಕವನ್ನು ಮೊದಲೇ ಮಾಡಿಡಬೇಕು.

ಮೂರನೆಯದಾಗಿ, ಮಿತಿಯೊಳಗೆ ಉಳಿಯಲೆಂದೇ ಘಟಕವನ್ನು ಒಡೆದು ನಡೆಸುತ್ತಿರುವವರು ಅದನ್ನು ಮರುಪರಿಶೀಲಿಸಬೇಕು. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ಮಿತಿ ಹೂಡಿಕೆಯಲ್ಲಿ 25 ಕೋಟಿ, ವಹಿವಾಟಿನಲ್ಲಿ 100 ಕೋಟಿ ರೂಪಾಯಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ವಿದ್ಯುತ್ ಬಳಸುವ ಕಾರ್ಖಾನೆಯ ಮಿತಿ 10ರಿಂದ 20 ಕಾರ್ಮಿಕರಿಗೆ ಏರಿದೆ. ಇದರಿಂದ ಕಾರ್ಖಾನೆಯ ವ್ಯಾಖ್ಯೆಯಿಂದ ಹೊರಗುಳಿಯುವ ಘಟಕಗಳು ಹೆಚ್ಚುತ್ತವೆ. ಆದರೂ ಅಲ್ಲಿನ ಕೆಲಸಗಾರರ ನೇಮಕ ಪತ್ರ, ವೇತನ ದಾಖಲೆಗಳನ್ನು ಕ್ರಮಬದ್ಧವಾಗಿ ಇಡುವುದು ಮಾಲೀಕರಿಗೇ ಕ್ಷೇಮಕರ. ಈ ವರ್ಷದ ಲೆಕ್ಕ ಪರಿಶೋಧನೆಗೆ ಮುನ್ನ ತಮ್ಮ ಸಲಹೆಗಾರರೊಡನೆ ಈ ಎರಡು ವಿಷಯಗಳನ್ನು ಚರ್ಚಿಸಬೇಕೆಂದು ಸದಸ್ಯರಲ್ಲಿ ವಿನಂತಿ.