ಎತ್ತಿನ ಗೊರಕೆ ಮತ್ತು ಕೆರೆಯ ಬಸವನಹುಳು

ಎತ್ತು ಎಚ್ಚರವಿದ್ದಾಗಲೇ ಗೊರಕೆ ಹೊಡೆದರೆ ನೆಗಡಿಯೆಂದು ಸುಮ್ಮನಿರಬಾರದು. ದೇವಣಿ ತಳಿಯ ತವರಾದ ಉದಗೀರ ಸೀಮೆ, ನೆರೆಯ ನಿಲಂಗಾ, ಉಮರ್ಗಾಗಳ ರೈತಬಾಂಧವರು ಇದರ ಮೂಲವನ್ನು ತಿಳಿದಿರಬೇಕು.

ನಿಂತ ನೀರಿನ ಕಳೆಯಲ್ಲಿ ಟಗರಿನ ಕೊಂಬಿನಂತೆ ಸುರುಳಿಗೊಂಡ ಚಪ್ಪಟೆ ಬಸವನಹುಳುವುಂಟು. ಶಾಸ್ತ್ರದಲ್ಲಿ ಇದಕ್ಕೆ ಇಂಡೋಪ್ಲಾನಾರ್ಬಿಸ್ ಎಗ್ಸುಸ್ಟಸ್ ಎಂದು ಹೆಸರು. ಇದರ ರಕ್ತ ಕೆಂಪು. ಆದುದರಿಂದ ಪ್ರಾಣವಾಯು ಕಡಿಮೆಯಿರುವ ಕೊಳಕು ನೀರಿನಲ್ಲಿಯೂ ಬದುಕುತ್ತದೆ. ಗಂಡು-ಹೆಣ್ಣು ಒಂದೇ ಮೈಯಲ್ಲಿರುವುದರಿಂದ ಒಂಟಿ ಹುಳುವೂ ಸಂತತಿ ಬೆಳೆಸಬಲ್ಲದು. ಪಟ್ಟಣಗಳಲ್ಲಿ ಮೀನು ಸಾಕುವ ಗಾಜಿನ ತೊಟ್ಟಿಗೆ ನೀರುಗಿಡದೊಡನೆ ಇದರ ತತ್ತಿ ಬಂದರೆ ತೊಟ್ಟಿಯೆಲ್ಲ ಇದೇ ತುಂಬುತ್ತದೆ. ದನದ ಸಿಂಬಳ ತಾಕದ ಆ ನೀರಿನಲ್ಲಿ ಅದರಿಂದ ಈ ರೋಗದ ಭಯವಿಲ್ಲ.

ಕೆರೆಯ ಮಾತು ಬೇರೆ. ರೋಗದ ದನದ ಮೂಗಿನ ರಕ್ತನಾಳಗಳಲ್ಲಿ ಸಣ್ಣ ಹುಳುಗಳಿರುತ್ತವೆ. 1933ರಲ್ಲಿ ಮದರಾಸಿನ ಎಂ. ಅನಂತನಾರಾಯಣ ರಾವ್ ಅವರು ಇವನ್ನು ವರ್ಣಿಸಿದರು. ಇವುಗಳ ತತ್ತಿ ಸಿಂಬಳದೊಡನೆ ನೀರಿಗೆ ಬಿದ್ದು ಒಡೆಯುತ್ತದೆ. ಮರಿಗಳು ಬಸವನಹುಳುವನ್ನು ಹೊಕ್ಕು, ಅಲ್ಲಿ ಹಲವು ಪಟ್ಟು ಹೆಚ್ಚಿ ಹೊರಬಂದು, ನೀರಿಗಿಳಿದ ದನದ ಚರ್ಮ ಕೊರೆದು ಒಳಸೇರುತ್ತವೆ. ಮೂಗಿನಲ್ಲಿ ಹೂಕೋಸಿನಂಥ ಗಂಟು ಬೆಳೆದು ಉಸಿರಾಟಕ್ಕೆ ತಡೆಯಾಗುತ್ತದೆ.

ನಾವು ಹೇಳುವುದಿಷ್ಟೆ: ದನಗಳನ್ನು ಕೆರೆಗಿಳಿಸದೆ ಬಾವಿಯ ನೀರನ್ನು ಬಾನಿಯಲ್ಲಿ ಕುಡಿಸಿರಿ. ದಂಡೆಯ ಕಳೆ ತೆಗೆಯಿರಿ. ಬಾತುಕೋಳಿ ಸಾಕಿದರೆ ಅವು ಬಸವನಹುಳುಗಳನ್ನು ತಿನ್ನುತ್ತವೆ. ಎಮ್ಮೆ ಗೊರಕೆ ಹೊಡೆಯದಿದ್ದರೂ ಅದರ ಸಿಂಬಳದಲ್ಲಿ ತತ್ತಿ ಇರಬಹುದು. ಗೊರಕೆ ಕೇಳಿದೊಡನೆ ದನದ ದವಾಖಾನೆಗೆ ಒಯ್ದು ಸಿಂಬಳ ಪರೀಕ್ಷೆ ಮಾಡಿಸಿರಿ. ಉದಗೀರದಲ್ಲಿ ಪಶುವೈದ್ಯ ಕಾಲೇಜೇ ಇದೆ. ಉಳುವ ಎತ್ತಿನ ಉಸಿರೇ ಒಕ್ಕಲುತನದ ಉಸಿರು.