ನಿದ್ರೆಯಿಂದೆದ್ದ ಲ್ಯಾಪ್‌ಟಾಪ್, ಕಾಣದ ಫೋಲ್ಡರ್

ಮಹಾನಗರಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಒಂದಕ್ಕಿಂತ ಹೆಚ್ಚು ಗಣಕಯಂತ್ರಗಳಿರುವುದು ಇಂದು ಸಾಮಾನ್ಯ. ಮದುವೆ-ಮುಂಜಿಗಳ ಛಾಯಾಚಿತ್ರಗಳು, ಮಕ್ಕಳ ಪಾಠದ ಟಿಪ್ಪಣಿಗಳು, ಸಂಘದ ಸ್ಮರಣ ಸಂಚಿಕೆಗೆ ಬಂದ ಲೇಖನಗಳು ಇವೆಲ್ಲವನ್ನೂ ಒಂದು ಯಂತ್ರದಲ್ಲಿಟ್ಟು, ಮನೆಯ ಜಾಲದ ಮೂಲಕ ಎಲ್ಲರೂ ಬಳಸುವುದು ಅನುಕೂಲಕರ. ಆದರೆ ಮುಚ್ಚಿಟ್ಟ ವಿಂಡೋಸ್ ಲ್ಯಾಪ್‌ಟಾಪನ್ನು ಮತ್ತೆ ತೆರೆದಾಗ ಹಂಚಿಕೆಯ ಡ್ರೈವಿನ ಮೇಲೆ ಕೆಂಪು ಗುರುತು ಕಾಣಿಸಿಕೊಳ್ಳುವುದುಂಟು. ಕಡತಗಳು ಅಳಿದುಹೋದವೆಂದು ಗಾಬರಿಪಡಬೇಕಾಗಿಲ್ಲ. ಅವು ಇದ್ದಲ್ಲಿಯೇ ಇರುತ್ತವೆ. ಕಡಿದಿರುವುದು ನಡುವಣ ಸಂಪರ್ಕ ಮಾತ್ರ.

ಲ್ಯಾಪ್‌ಟಾಪ್ ನಿದ್ರಿಸುವಾಗ ವಿದ್ಯುತ್ ಉಳಿತಾಯಕ್ಕಾಗಿ ವೈ-ಫೈ ಸಾಧನ ಸಾಮಾನ್ಯವಾಗಿ ಸ್ಥಗಿತಗೊಳ್ಳುತ್ತದೆ. ಉತ್ತರ ಬಾರದ ಸಂಪರ್ಕವನ್ನು ಎದುರಿನ ಯಂತ್ರವು ಕೈಬಿಡುತ್ತದೆ. ಎಚ್ಚರವಾದೊಡನೆ ಪರದೆ ಬೆಳಗಿದರೂ ವೈ-ಫೈ ಮರಳಲು ಕೆಲವು ಕ್ಷಣಗಳು ಬೇಕು. ಅಷ್ಟರೊಳಗೆ ವಿಂಡೋಸ್ ಡ್ರೈವನ್ನು ಹುಡುಕಿ ಸೋತಿರುತ್ತದೆ.

ಮೊದಲು ಒಂದು ಎಚ್ಚರಿಕೆ. ಆ ಫೋಲ್ಡರಿನ ಕಡತವೊಂದು ಪರದೆಯ ಮೇಲೆ ಇನ್ನೂ ತೆರೆದಿದ್ದರೆ ಅದನ್ನು ಮುಚ್ಚದಿರಿ. 'ಸೇವ್ ಆ್ಯಸ್' ಮೂಲಕ ಲ್ಯಾಪ್‌ಟಾಪಿನಲ್ಲಿಯೇ ಬೇರೆ ಹೆಸರಿನಿಂದ ಉಳಿಸಿಕೊಳ್ಳಿ. ಇಲ್ಲವಾದರೆ ಉಳಿಸದಿದ್ದ ಬರಹ ಶಾಶ್ವತವಾಗಿ ನಷ್ಟವಾಗಬಹುದು.

ಅನಂತರ ಈ ಕ್ರಮದಲ್ಲಿ ಪರೀಕ್ಷಿಸೋಣ.

1. ಅರ್ಧ ನಿಮಿಷ ಕಾದು, ವೈ-ಫೈ ಸೇರಿದೆಯೆಂದು ಖಚಿತಪಡಿಸಿಕೊಂಡು, ಡ್ರೈವಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ. ಅನೇಕ ವೇಳೆ ಇಷ್ಟೇ ಸಾಕು.

2. ಫೋಲ್ಡರನ್ನು ಹಂಚಿದ ಯಂತ್ರ ಎಚ್ಚರವಾಗಿದೆಯೇ ನೋಡಿ. ಅದೂ ನಿದ್ರಿಸುತ್ತಿದ್ದರೆ ಬಾಗಿಲು ತೆರೆಯುವವರು ಯಾರು? ಅದರ ಪವರ್ ಸೆಟ್ಟಿಂಗ್ಸ್‌ನಲ್ಲಿ, ವಿದ್ಯುತ್ ಸಂಪರ್ಕವಿರುವಾಗ ನಿದ್ರೆಗೆ ಹೋಗದಂತೆ ನಿಗದಿಪಡಿಸಿ.

3. ಕಛೇರಿಯ ವಿಪಿಎನ್ ಚಾಲನೆಯಲ್ಲಿದ್ದರೆ ನಿಲ್ಲಿಸಿ ನೋಡಿ. ಮನೆಯ ವೈ-ಫೈ 'ಪಬ್ಲಿಕ್' ಎಂದಾಗಿದ್ದರೆ 'ಪ್ರೈವೇಟ್' ಎಂದು ಬದಲಿಸಿ.

4. ಯಂತ್ರದ ಹೆಸರಿನಿಂದ ಫೋಲ್ಡರ್ ತೆರೆಯದೆ, ಅದರ ಐಪಿ ವಿಳಾಸದಿಂದ ತೆರೆದರೆ ದೋಷ ಹೆಸರು ಹುಡುಕುವಿಕೆಯದು. ವಿಳಾಸದಿಂದಲೇ ಡ್ರೈವ್ ಜೋಡಿಸಿದ್ದಲ್ಲಿ, ರೌಟರ್ ಆ ಯಂತ್ರಕ್ಕೆ ಹೊಸ ವಿಳಾಸ ನೀಡಿರಲೂಬಹುದು. ರೌಟರಿನಲ್ಲಿ ಆ ಯಂತ್ರಕ್ಕೊಂದು ವಿಳಾಸವನ್ನು ಕಾಯ್ದಿರಿಸುವುದು ಶಾಶ್ವತ ಪರಿಹಾರ.

5. ತೊಂದರೆ ಮರುಕಳಿಸುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ವೈ-ಫೈ ಸಾಧನದ 'ಪವರ್ ಮ್ಯಾನೇಜ್‌ಮೆಂಟ್' ಪುಟ ತೆರೆದು, ವಿದ್ಯುತ್ ಉಳಿಸಲು ಸಾಧನವನ್ನು ಆರಿಸುವ ಅನುಮತಿಯ ಗುರುತನ್ನು ತೆಗೆಯಿರಿ. ಕೆಲವು ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಪುಟವಿರುವುದಿಲ್ಲ.

6. ಕೊನೆಯದಾಗಿ, ಡ್ರೈವಿನ ಜೋಡಣೆಯನ್ನು ಕಡಿದು ಹೊಸದಾಗಿ ಜೋಡಿಸಿ.

ಯಂತ್ರವನ್ನು ಪೂರ್ತಿಯಾಗಿ ಮರುಪ್ರಾರಂಭಿಸಿದರೂ ಹಳೆಯ ಜಾಲ-ಡಿಸ್ಕ್ ಕಾಣದಿದ್ದರೆ ಕಾರಣ ನಿದ್ರೆಯಲ್ಲ. ಎಸ್‌ಎಂಬಿ-1 ಎಂಬ ಹಳೆಯ ಸಂವಹನ ವಿಧಾನವನ್ನು ಇತ್ತೀಚಿನ ವಿಂಡೋಸ್ ಆವೃತ್ತಿಗಳು ಹೊಸದಾಗಿ ಅಳವಡಿಸುವಾಗ ಸೇರಿಸುವುದಿಲ್ಲ. ಅದನ್ನು ಮರಳಿ ತರುವುದು ವಿವೇಕವಲ್ಲ; 2017ರ ಮೇ ತಿಂಗಳಿನಲ್ಲಿ ಜಗತ್ತಿನಾದ್ಯಂತ ಹಬ್ಬಿದ 'ವಾನಾಕ್ರೈ' ದಾಳಿ ಬಳಸಿಕೊಂಡದ್ದು ಅದರ ದೋಷವನ್ನೇ. ಸಾಧನದ ತಂತ್ರಾಂಶವನ್ನು ನವೀಕರಿಸಿ, ಅಥವಾ ಸಾಧನವನ್ನೇ ಬದಲಿಸಿ.

ಕೊನೆಯ ಮಾತು: ಹಂಚಿಕೆಯ ಫೋಲ್ಡರ್ ಎಲ್ಲರ ಕೈಗೆಟುಕುತ್ತದೆಯೇ ಹೊರತು, ಅದೇ ಮತ್ತೊಂದು ಪ್ರತಿಯಲ್ಲ. ಆ ಒಂದು ಯಂತ್ರ ಕೆಟ್ಟರೆ ಮನೆಮಂದಿಯೆಲ್ಲರ ನೆನಪುಗಳೂ ಒಟ್ಟಿಗೇ ಹೋಗುತ್ತವೆ. ಪ್ರತ್ಯೇಕ ಡಿಸ್ಕಿನಲ್ಲಿ ಇನ್ನೊಂದು ಪ್ರತಿಯಿರಿಸಿಕೊಳ್ಳುವ ಅಭ್ಯಾಸವನ್ನು ನಾವೆಲ್ಲರೂ ರೂಢಿಸಿಕೊಳ್ಳೋಣ.